ಶಿರಸ್ತೇದಾರರು ಮತ್ತು ಹೊನ್ನೂರಸಾಬನ ಕೂಗು

ಹೋದ ವಾರ ನಮ್ಮ ಪತ್ರಿಕೆಯಲ್ಲಿ ಅವರ ನಿಧನದ ಸುದ್ದಿ ನಾಲ್ಕು ಸಾಲಿನಲ್ಲಿ ಬಂತು. ಬರೆದವನು ನಾನೇ. ಬಳ್ಳಾರಿ ತಾಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರು, ಸ್ವಗೃಹದಲ್ಲಿ, ಕೆಲವು ದಿನಗಳ ಅಸ್ವಸ್ಥತೆಯ ನಂತರ ಎಂದು. ಮದ್ರಾಸಿನ ತಂತಿ ಸುದ್ದಿಗೆ ಜಾಗ ಬೇಕಿದ್ದುದರಿಂದ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಆ ಸಾಲುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವನ್ನು ಓದಿದವರಿಗೆ ಮನುಷ್ಯ ಎಂಥವರೆಂದು ತಿಳಿಯುವುದಿಲ್ಲ.

ಹೆಸರು ಅಲ್ಲಿ ಬಂದಾಗಿದೆ. ಇಲ್ಲಿ ಹೆಸರಿಲ್ಲದೆಯೇ ಬರೆಯುತ್ತೇನೆ. ಕಚೇರಿಯಲ್ಲಿ ನಾವು ಯಾರೂ ಅವರನ್ನು ಹೆಸರು ಹಿಡಿದು ಹೇಳುತ್ತಿರಲಿಲ್ಲ. ಶಿರಸ್ತೇದಾರರು ಎಂದರೆ ಅವರೇ. ಪತ್ರಿಕೆಗೆ ಸೇರುವ ಮೊದಲು ನಾನು ಅವರ ಕೈಕೆಳಗೆ ನಕಲು ಗುಮಾಸ್ತನಾಗಿದ್ದೆ. ಕಂಡದ್ದನ್ನು ಕಂಡದ್ದೆಂದೂ, ಇನ್ನೊಬ್ಬರು ಹೇಳಿದ್ದನ್ನು ಹೇಳಿದ್ದೆಂದೂ ಬರೆಯುತ್ತೇನೆ.

ತಾಲೂಕು ಕಚೇರಿಯ ಒಳಗನ್ನು ನೋಡದವರಿಗೆ ಒಂದು ಮಾತು. ತಹಶೀಲ್ದಾರರು ದೊಡ್ಡವರು, ನಿಜ. ಆದರೆ ಅವರು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಗುಮಾಸ್ತರು, ಜವಾನರು, ಅವರ ಜಗಳ, ಸೋಮಾರಿತನ, ಅವರ ಮನೆಯ ಮದುವೆ ಮುಂಜಿ ಎಲ್ಲವೂ ಶಿರಸ್ತೇದಾರನ ತಲೆಯ ಮೇಲೆ. ನಮ್ಮವರು ಆ ಭಾರವನ್ನು ಹೊತ್ತುಕೊಂಡು ಓಡಾಡುತ್ತಿದ್ದ ರೀತಿಯೇ ಬೇರೆ. ಮೇಜಿನ ಮೇಲೆ ಗಂಟೆ ಇಟ್ಟುಕೊಳ್ಳಲಿಲ್ಲ. ಯಾರಾದರೂ ಬೇಕಾದರೆ ತಾವೇ ಎದ್ದು ಅವರ ಜಾಗಕ್ಕೆ ಹೋಗುತ್ತಿದ್ದರು. ಕುಳ್ಳಗಿನ ದೇಹ, ಹಣೆಯ ಮೇಲೆ ಅಂಗಾರ ಅಕ್ಷತೆ, ಮೂಗಿನ ತುದಿಯಲ್ಲಿ ಸದಾ ಚೂರು ನಶ್ಯ. ಅವರು ಬಂದು ಪಕ್ಕದಲ್ಲಿ ನಿಂತಿದ್ದಾರೆಂದು ನಮಗೆ ತಿಳಿಯುತ್ತಿದ್ದದ್ದು ಆ ನಶ್ಯದ ವಾಸನೆಯಿಂದ.

ನಾನು ಕೆಲಸಕ್ಕೆ ಸೇರಲು ಹೋದ ದಿನ ಅವರು ನನ್ನ ಆರ್ಡರನ್ನು ಓದಿ, ಮಡಚಿ, ವಾಪಸು ಕೊಟ್ಟರು.

“ಸರಿ ಅದ. ಇವತ್ತು ಹೊರಗ ಕೂಡ್ರಿ.”

“ಹೊರಗೆಲ್ಲಿ?”

“ಬೇವಿನ ಗಿಡದ ಕೆಳಗ, ಅರ್ಜಿ ಹಿಡ್ಕೊಂಡು ಬಂದ ಮಂದಿ ಜೋಡಿ. ಸಂಜೀಕೆ ಕರೀತೀನಿ.”

ಹೋಗಿ ಕೂತೆ. ಪಕ್ಕದಲ್ಲಿದ್ದ ಹಲಕುಂದಿಯ ಮುದುಕ ನನ್ನ ಕೋಟನ್ನು ನೋಡಿ, “ನಿಂದೇನಪಾ ತಕರಾರು?” ಎಂದು ಕೇಳಿದ. ತಕರಾರಿಲ್ಲ, ನಾನು ಇದೇ ಕಚೇರಿಯ ಗುಮಾಸ್ತ ಎಂದೆ. ಅವನು ಮೊದಲು ಸ್ವಲ್ಪ ಸರಿದು ಕೂತ. ಆಮೇಲೆ ನಗುತ್ತ, “ಹಂಗಾರ ಒಳಗ ಕುಂದ್ರದು ಬಿಟ್ಟು ಇಲ್ಲ್ಯಾಕ ಕುಂತಿ? ನಿನಗೂ ನಾಳಿ ಬಾ ಅಂದ್ರೇನು?” ಎಂದ. ಸುತ್ತಲಿನವರೆಲ್ಲ ನಕ್ಕರು. ಸಂಜೆ ಶಿರಸ್ತೇದಾರರು ಒಂದೇ ಪ್ರಶ್ನೆ ಕೇಳಿದರು: ನೆರಳು ಯಾವ ಹೊತ್ತಿಗೆ ಯಾವ ಕಡೆ ಹೋಗುತ್ತದೆ? ಹೇಳಿದೆ. “ಗೊತ್ತಾತಲ್ಲ, ನಾಳೆ ಒಳಗ ಬರ್ರಿ” ಎಂದರು. ಹೊಸಬರನ್ನೆಲ್ಲ ಅವರು ಹೀಗೇ ಒಂದು ದಿನ ಹೊರಗೆ ಕೂರಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಯಾಕೆಂದು ಅವರು ವಿವರಿಸಿದ್ದನ್ನು ನಾನಂತೂ ಕೇಳಿಲ್ಲ.

ಹೊಗಳುವುದರಲ್ಲಿಯೂ ಅವರದೊಂದು ರೀತಿಯಿತ್ತು. ಯಾರದಾದರೂ ಬರಹದಲ್ಲಿ ಒಳ್ಳೆಯ ವಾಕ್ಯ ಕಂಡರೆ ಇಡೀ ಕಚೇರಿಗೆ ಕೇಳುವಂತೆ ಓದಿ, ಬರೆದವನ ಹೆಸರು ಹೇಳುತ್ತಿದ್ದರು. ಎರೆನೆಲದ ಹಳ್ಳಿಯೊಂದಕ್ಕೆ ಹೋಗಿ ಅರ್ಧ ದಾರಿಯಿಂದ ಹಿಂದಿರುಗಿದ ಗುಮಾಸ್ತನೊಬ್ಬ ಕಾರಣದ ಜಾಗದಲ್ಲಿ “ಮಳೆ ಬಂತು, ದಾರಿ ಹೋಯಿತು” ಎಂದಷ್ಟೇ ಬರೆದಿದ್ದ. ಶಿರಸ್ತೇದಾರರು ಅದನ್ನು ಓದಿ, “ಇದಕ್ಕ ಯಾರೂ ಏನೂ ಸೇರಿಸಬ್ಯಾಡ್ರಿ” ಎಂದರು. ಆ ಗುಮಾಸ್ತ ಆ ವಾರವೆಲ್ಲ ರುಮಾಲನ್ನು ಸ್ವಲ್ಪ ಓರೆಯಾಗಿ ಸುತ್ತಿಕೊಂಡು ಬಂದ.

ಸಿರುಗುಪ್ಪದ ಮಾತನ್ನು ಇಲ್ಲಿ ಹೇಳಬೇಕು. ಅಲ್ಲಿ ಡೆಪ್ಯೂಟಿ ತಹಶೀಲ್ದಾರರ ಕಚೇರಿ. ಕಾಲುವೆ ನೀರಿನ ಊರು. ಭತ್ತದ ಗದ್ದೆ, ಸೊಳ್ಳೆ, ಚಳಿಜ್ವರ. ಕೆಲಸ ಮಾಡದವನಿಗೆ, ಎದುರು ಮಾತಾಡಿದವನಿಗೆ “ಸಿರುಗುಪ್ಪಕ್ಕ ಹಾಕ್ತೀನಿ ನೋಡು” ಎನ್ನುವುದು ಹಿಂದಿನವರಿಂದ ನಡೆದುಬಂದ ಪದ್ಧತಿ. ಇವರು ಬಂದ ಮೇಲೆ ಒಬ್ಬ ಚುರುಕು ಗುಮಾಸ್ತನನ್ನು ಅಲ್ಲಿಗೆ ಕಳಿಸಲು ತಹಶೀಲ್ದಾರರಿಗೆ ಹೇಳಿದರು. ಆ ಗುಮಾಸ್ತ ಬಂದು, “ನಾ ಏನು ತಪ್ಪು ಮಾಡೀನ್ರಿ?” ಎಂದು ಕಣ್ಣಲ್ಲಿ ನೀರು ತಂದುಕೊಂಡ.

“ನೀವೇನೂ ಮಾಡಿಲ್ಲ. ಸಿರುಗುಪ್ಪದವರು ಏನು ಮಾಡ್ಯಾರ ಹೇಳ್ರಿ? ಕೆಲಸ ಬರದವರನ್ನೆಲ್ಲ ನಾವು ಅವರ ಮ್ಯಾಲೇ ಯಾಕ ಹಾಕಬೇಕು?”

ಗುಮಾಸ್ತ ಗಂಟು ಕಟ್ಟಿಕೊಂಡು ಹೋದ. ಅವನಿಗೆ ಅಲ್ಲಿ ಜ್ವರವೂ ಬಂತು. ಆಗ ಶಿರಸ್ತೇದಾರರು ತಮ್ಮ ಮನೆಯಿಂದ ಕಷಾಯದ ಪುಡಿ ಕಟ್ಟಿಸಿಕೊಂಡು ತಾವೇ ಬಂಡಿಯಲ್ಲಿ ಹೋಗಿ, ಅವನು ಎದ್ದು ಕೂರುವವರೆಗೂ ಅವನ ಮೇಜಿನಲ್ಲಿ ಕೂತು ಕೆಲಸ ಮಾಡಿ ಬಂದರೆಂದು ಆ ಗುಮಾಸ್ತನೇ ನನಗೆ ಹೇಳಿದ್ದಾನೆ. ಅವನು ವಾಪಸು ಬಂದಾಗ ಗಾಳಿ ಬರುವ ಕಿಟಕಿಯ ಪಕ್ಕದ ಜಾಗ ಅವನಿಗೆ ಕಾದಿತ್ತು.

ಅವರಿಗೆ ತಪ್ಪು ಆಗುತ್ತಿರಲಿಲ್ಲವೆಂದಲ್ಲ. ನಾಲ್ಕು ಜನರೆದುರು ಯಾರನ್ನೂ ಬೈಯಬಾರದೆಂಬುದು ಅವರ ನಿಯಮ. ಬೈಯಲೇಬೇಕಾದಾಗ, “ಬರ್ರಿ, ಬ್ರೂಸ್‌ಪೇಟೆಗೆ ಹೋಗಿ ಎಲಿ ತರೋಣ” ಎಂದು ಕರೆದುಕೊಂಡು ಹೋಗುತ್ತಿದ್ದರು. ಅಂಗಡಿ ಸಾಲಿನ ಗದ್ದಲದಲ್ಲಿ ನಡೆಯುತ್ತ ಹೇಳಬೇಕಾದದ್ದನ್ನು ಹೇಳಿ, ವೀಳ್ಯದೆಲೆ ಕೊಂಡು ಹಿಂದಿರುಗುವುದು. ಒಳ್ಳೆಯ ಉದ್ದೇಶವೇ. ಆದರೆ ಸ್ವಲ್ಪ ದಿನದಲ್ಲಿ ಇಡೀ ಕಚೇರಿಗೆ ಗುಟ್ಟು ತಿಳಿಯಿತು. ಯಾರಾದರೂ ಎಲೆಯ ಕಟ್ಟು ಹಿಡಿದು ಒಳಗೆ ಬಂದರೆ ಉಳಿದವರು ಮುಖ ತಗ್ಗಿಸಿ ನಗುತ್ತಿದ್ದರು. ನಾಲ್ಕು ಜನರೆದುರು ಬೈಯುವುದಕ್ಕಿಂತ ಇದು ಹೆಚ್ಚಾಯಿತು. ದಫೇದಾರ, ಅಂದರೆ ಜವಾನರ ಮುಖ್ಯಸ್ಥ, ಒಂದು ದಿನ ಇದನ್ನು ಅವರಿಗೆ ಹೇಳಿದ. ಅವರು ನಶ್ಯದ ಡಬ್ಬಿಯನ್ನು ತೆಗೆದು, ಮುಚ್ಚಿ, “ನನಗ ಹೊಳೀಲೇ ಇಲ್ಲ ನೋಡು” ಎಂದರು. ಮಾರನೆಯ ದಿನದಿಂದ ಕಚೇರಿಯವರೆಲ್ಲರೂ, ಚೆನ್ನಾಗಿ ಕೆಲಸ ಮಾಡುವವರೂ, ಸರದಿಯ ಮೇಲೆ ಅವರ ಜೊತೆ ಎಲೆ ತರಲು ಹೋದರು. ಯಾರಿಗೆ ಬೈಗುಳ, ಯಾರಿಗೆ ಬರೀ ಹರಟೆ ಎಂಬುದು ಗೊತ್ತಾಗದೆ ಹೋಯಿತು. ಮನೆಯಲ್ಲಿ ಎಲೆ ತಿನ್ನುವವರಿಲ್ಲದೆ ಕೊಳೆಯುತ್ತಿದೆ ಎಂದು ಅವರ ಮನೆಯವರು ಬೇಸರಪಟ್ಟರಂತೆ.

ಇಂಥ ಒಂದು ಸರದಿಯಲ್ಲೇ ಹೊನ್ನೂರಸಾಬನ ವಿಷಯ ಹೊರಬಿತ್ತು.

ಹೊನ್ನೂರಸಾಬ ನಮ್ಮ ಕಚೇರಿಯ ಕೂಗುವ ಜವಾನ. ಎತ್ತರದ ಆಳು, ನೆರೆತ ಗಡ್ಡ, ಎದೆಗೆ ಅಡ್ಡಲಾಗಿ ಹಿತ್ತಾಳೆ ಬಿಲ್ಲೆಯ ಡವಾಲಿ ಪಟ್ಟಿ. ಒಳಗೆ ತಹಶೀಲ್ದಾರರು ಅರ್ಜಿ ಕೈಗೆತ್ತಿಕೊಂಡಾಗ ಹೊರಗಿನ ಕಟ್ಟೆಯ ಮೇಲೆ ನಿಂತು ಅರ್ಜಿದಾರನ ಊರು, ಹೆಸರು ಸೇರಿಸಿ ಮೂರು ಸಲ ಕೂಗಬೇಕು. ಮಂದಿ “ಇದ್ದೀನ್ರಿ” ಎಂದರೆ ಒಳಗೆ ಬಂದು “ಹಾಜರ್” ಎನ್ನಬೇಕು. ಯಾರೂ ಓಗೊಡದಿದ್ದರೆ “ಗೈರುಹಾಜರ್”. ಗೈರುಹಾಜರಾದ ಅರ್ಜಿ ಅಲ್ಲಿಗೇ ವಜಾ. ಅವನ ಕೂಗು ಕೋಟೆಗುಡ್ಡಕ್ಕೆ ತಾಗಿ ಹಿಂದಿರುಗುತ್ತದೆಂದು ಜನ ಹೇಳುತ್ತಿದ್ದರು. ನಾನು ಪರೀಕ್ಷಿಸಿಲ್ಲ, ಆದರೆ ಅವನು ಕೂಗಿದಾಗ ಬೇವಿನ ಗಿಡದ ಕಾಗೆಗಳು ಏಳುತ್ತಿದ್ದದ್ದನ್ನು ಕಂಡಿದ್ದೇನೆ.

ಅವನು ತಮಾಷೆಗೆ ಎಲ್ಲರಿಗಿಂತ ತಡವಾಗಿ ನಗುತ್ತಿದ್ದ. ಮೊದಲು ಸುತ್ತಲಿನ ಮುಖಗಳನ್ನು ನೋಡಿ, ಆಮೇಲೆ ನಗುವುದು. ವಯಸ್ಸಾಯಿತು, ಬುದ್ಧಿ ನಿಧಾನ ಎಂದು ನಾವು ಅಂದುಕೊಂಡಿದ್ದೆವು.

ಒಂದು ಸಂಜೆ ಕಚೇರಿ ಮುಗಿದು ಎಲ್ಲರೂ ಹೊರಡುವಾಗ ಬೇವಿನ ಗಿಡದ ಕೆಳಗೆ ಒಬ್ಬ ಹೆಂಗಸು ಇನ್ನೂ ಕೂತಿದ್ದಳು. ಗಟ್ಟಿ ಆಳು, ನಡುವಯಸ್ಸು. ಶಿರಸ್ತೇದಾರರು ಜೋಡು ಮೆಟ್ಟುತ್ತ ಕೇಳಿದರು:

“ಯಾಕ ತಾಯಿ, ಇನ್ನೂ ಕೂತೀರಲ್ಲ?”

“ಒಳಗ ಕರೀತಾರಂತ ಕುಂತೀನ್ರಿ. ಕುರುಗೋಡು ಈರಮ್ಮ ಅದೀನಿ. ಬೆಳಿಗ್ಗಿ ಹೆಸರು ಕೂಗಿದ್ರು, ಇದ್ದೀನಿ ಅಂದೆ. ಆಮ್ಯಾಲ ಯಾರೂ ಕರೀವಲ್ರು.”

ಶಿರಸ್ತೇದಾರರು ಜೋಡು ಬಿಟ್ಟು ಮತ್ತೆ ಒಳಗೆ ಬಂದರು. ಅರ್ಜಿ ಹುಡುಕಿಕೊಟ್ಟವನು ನಾನು. ಬಾದನಹಟ್ಟಿಯಲ್ಲಿ ಅವಳ ತಾಯಿಯ ಹೊಲ. ಪಟ್ಟಾ ತನ್ನ ಹೆಸರಿಗೆ ಆಗಬೇಕೆಂದು ಇವಳು, ತನ್ನ ಹೆಸರಿಗೆ ಆಗಬೇಕೆಂದು ಅವಳ ದೊಡ್ಡಪ್ಪನ ಮಗ. ಕೆಳಗೆ ಅದೇ ದಿನದ ಆಜ್ಞೆ ಇತ್ತು: ಅರ್ಜಿದಾರಳು ಗೈರುಹಾಜರು, ವಜಾ. ಅಂದರೆ ಹೊಲ ದೊಡ್ಡಪ್ಪನ ಮಗನ ಪಾಲಾದಂತೆಯೇ.

ಅವರು ಹೊರಗೆ ಬಂದು ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ತಪ್ಪು ನಮ್ಮದೇ ಇದ್ದಂಗ ಕಾಣ್ತದ, ತಾಯಿ. ವಿಚಾರಿಸಿ ಹೇಳಿ ಕಳಸ್ತೀನಿ.”

ಈರಮ್ಮ ಎದ್ದು ಸೀರೆ ಕೊಡವಿದಳು. “ತಪ್ಪಲ್ಲ ಬಿಡ್ರಿ ಅದು. ಯಾಕಾತು ಅಂತ ನನಗ ಗೊತ್ತೈತಿ. ಕಲೆಕ್ಟರ್ ದೊರಿಗೇ ಬರಸ್ತೀನಿ” ಎಂದು ಬಂಡಿಗಳ ಕಡೆ ಹೋದಳು.

ಮರುದಿನ ಶಿರಸ್ತೇದಾರರು ಹೊನ್ನೂರಸಾಬನನ್ನು ಎಲೆ ತರಲು ಕರೆದುಕೊಂಡು ಹೋದರು. ಮುಂದಿನದು ನಾನು ಕಂಡದ್ದಲ್ಲ, ಅವರೇ ಆಮೇಲೆ ಹೇಳಿದ್ದು. ಬ್ರೂಸ್‌ಪೇಟೆಯ ಓಣಿಯಲ್ಲಿ ಹಿಂದಿನಿಂದ ಜಟಕಾ ಬಂತು. ಜಟಕಾದವನು ಅರಚಿದ, ಬೈದ. ಅಂಗಡಿಯವರೂ ಕೂಗಿದರು. ಹೊನ್ನೂರಸಾಬ ನೆಟ್ಟಗೆ ನಡುರಸ್ತೆಯಲ್ಲಿ ನಡೆಯುತ್ತಲೇ ಇದ್ದ. ಶಿರಸ್ತೇದಾರರು ಅವನ ತೋಳು ಹಿಡಿದು ಪಕ್ಕಕ್ಕೆಳೆದರು. ಅವರು ಮಡಿವಂತರು. ಕಚೇರಿಯಿಂದ ಹೋದ ಮೇಲೆ ಸ್ನಾನ ಮಾಡದೆ ಒಲೆಯ ಕಡೆ ಹೋಗುವವರಲ್ಲ. ಆದರೂ ಹಿಡಿದ ತೋಳನ್ನು ಬಿಡದೆ ಒಂದು ಅಂಗಡಿಯ ಗೋಡೆಯ ನೆರಳಿಗೆ ಕರೆದುಕೊಂಡು ಹೋಗಿ, ಅವನ ಕಿವಿಯ ಬಳಿ ಬಾಯಿಟ್ಟು ಕೇಳಿದರು:

“ಎಷ್ಟು ದಿನಾತು?”

“ಏನು, ರಾಯರೆ?”

“ಕಿವಿ.”

ಅವನು ಕೈಯಲ್ಲಿದ್ದ ಎಲೆಯ ಕಟ್ಟನ್ನೇ ನೋಡುತ್ತ ನಿಂತ. ಆಮೇಲೆ ಹೇಳಿದ. “ಎಡಗಿವಿ ಪೂರಾ ಹೋಗೇತ್ರಿ. ಬಲಗಿವಿ ಜರಾ ಐತಿ, ಹತ್ರ ಬಂದು ಜೋರು ಅಂದ್ರ ತಿಳೀತೈತಿ, ಒಳಗ ಹೆಸರು ಅಂದ್ರ ಹತ್ರ ಹೋಗಿ ಕೇಳ್ಕೋತೀನಿ. ಮಂದಿ ಎದ್ದು ಮುಂದ ಬರ್ತಾರಲ್ರಿ, ನೋಡಿ ಹಾಜರ್ ಅಂತೀನಿ.”

ಗಂಡಸರು ಹೆಸರು ಕೇಳಿದ ಕೂಡಲೇ ಎದ್ದು ಕಟ್ಟೆಯತ್ತ ನುಗ್ಗುತ್ತಿದ್ದರು. ಗಂಡಸರ ಗುಂಪಿನ ಹಿಂದೆ ಕೂತ ಹೆಂಗಸು ಕೂತಲ್ಲಿಂದಲೇ ಓಗೊಟ್ಟಿದ್ದಳು. ಅವನಿಗೆ ಅವಳ ದನಿ ಕೇಳಲೂ ಇಲ್ಲ, ಅವಳು ಕಾಣಲೂ ಇಲ್ಲ.

“ಮೊದಲೇ ಯಾಕ ಹೇಳಲಿಲ್ಲ?”

“ಹೇಳಿದ್ರ ಡವಾಲಿ ಬಿಚ್ಚಿಡು ಅಂತೀರಿ. ನಮ್ಮಪ್ಪಾನೂ ಇದೇ ಕಟ್ಟಿ ಮ್ಯಾಲ ನಿಂತು ಕೂಗ್ಯಾನ್ರಿ. ಮನ್ಯಾಗ ದುಡಿಯಾವ ನಾನೊಬ್ಬನೇ ಅದೀನಿ. ಕೂಗದು ಬಿಟ್ರ ನನಗ ಬ್ಯಾರೆ ಏನು ಬರ್ತೈತಿ?”

ಶಿರಸ್ತೇದಾರರು ಅವನಿಗೆ ಹೇಳಿದ್ದು ಇಷ್ಟು: “ನೀ ಮುಚ್ಚಿಟ್ಟದ್ದು ನಿನ್ನ ತಪ್ಪು. ದಿನಾ ನಿನ್ನ ಮುಖ ನೋಡಿದ್ರೂ ನನಗ ತಿಳೀಲಿಲ್ಲ ಅನ್ನೋದು ನನ್ನ ತಪ್ಪು. ತಹಶೀಲ್ದಾರರಿಗೆ ಎರಡನ್ನೂ ಹೇಳ್ತೀನಿ.”

ಹೇಳಿದರು. ಅದನ್ನು ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿದ್ದೇನೆ. ಆಗಿನ ತಹಶೀಲ್ದಾರರು ಕಡಪದ ಕಡೆಯವರು. ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತಿತ್ತು, ಹಿಂದಿನಿಂದ ಕನ್ನಡ.

“ಏಮಂಡಿ ಇದಿ? ಕಿವುಡನನ್ನ ಬಾಗಿಲಲ್ಲಿ ನಿಲ್ಸಿ ಕಚೇರಿ ನಡೆಸ್ತಾ ಇದ್ದೀರಾ?”

“ನಡೆಸ್ತಾ ಇದ್ದೆ. ತಿಳಿದಿರಲಿಲ್ಲ. ತಿಳಿಯಬೇಕಾಗಿತ್ತು.”

“ಇಂಥವು ಇನ್ನೆಷ್ಟು ವಜಾ ಆಗಿವೆಯೋ.”

“ಗೈರುಹಾಜರಾದವನ್ನೆಲ್ಲ ಹುಡುಕಿಸ್ತಾ ಇದ್ದೀನಿ. ಎಲ್ಲ ಮತ್ತ ತೆಗೀಬೇಕಾಗ್ತದ. ಈರಮ್ಮಂದು ಮೊದಲು.”

ತಹಶೀಲ್ದಾರರು ಒಳ್ಳೆಯವರೇ, ಆದರೆ ಬಡ್ತಿಯ ನಿರೀಕ್ಷೆಯಲ್ಲಿದ್ದರು. ಕೊನೆಗೆ ಹೇಳಿದರು: ಈರಮ್ಮನ ಅರ್ಜಿಯ ಮರುವಿಚಾರಣೆಗೆ ಅಡ್ಡಿಯಿಲ್ಲ, ಅವಳ ಮನೆಗೆ ನೋಟೀಸು ಕಳಿಸಿ. ಜವಾನನ ಮಾತು ಬೇರೆ. ಆ ಹೆಂಗಸು ಕಲೆಕ್ಟರ್ ದೊರೆಗಳಿಗೆ ಬರೆಸಿದರೆ ಅವನನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಬರೆಸದಿದ್ದರೆ ವಿಚಾರಣೆಯ ದಿನ ನೋಡೋಣ.

ಅಂದರೆ ಹೊನ್ನೂರಸಾಬನ ಡವಾಲಿ ಈಗ ಕುರುಗೋಡು ಈರಮ್ಮನ ಕೈಯಲ್ಲಿತ್ತು. ಕಚೇರಿಯೆಲ್ಲ ಶಿರಸ್ತೇದಾರರನ್ನು ಮುತ್ತಿತು. ದಫೇದಾರ ಎಲ್ಲರ ಪರವಾಗಿ, “ನೀವೊಂದು ಮಾತು ಹೇಳಿ ಬರ್ರಿ ರಾಯರೆ. ದೊಡ್ಡವರು ಮನೀ ಬಾಗಿಲಿಗೆ ಬಂದ್ರ ಆಕಿ ಇಲ್ಲ ಅನ್ನಂಗಿಲ್ಲ. ಬಡವ ಉಳೀತಾನ” ಎಂದ.

“ಹೋಗ್ತೀನಿ. ಬೆಳೆ ನೋಡ್ಲಿಕ್ಕೆ ಕುರುಗೋಡಿಗೆ ಹೆಂಗೂ ಹೋಗಬೇಕು” ಎಂದರು ಅವರು. “ಆದ್ರ ಆಕಿ ಬಾಯಿ ಮುಚ್ಚಸ್ಲಿಕ್ಕೆ ಹೋಗೂದಿಲ್ಲ.”

ನೋಟೀಸು ಒಯ್ಯಲು ಅವರು ಆರಿಸಿದ್ದು ಹೊನ್ನೂರಸಾಬನನ್ನೇ. ಕಾಗದಪತ್ರ ಹಿಡಿದುಕೊಳ್ಳಲು ನಾನು. ಮೂವರೂ ಬಂಡಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಎರೆಹೊಲದಲ್ಲಿ ಜೋಳ ತೆನೆಗೆ ಬಂದಿತ್ತು. ಶಿರಸ್ತೇದಾರರು ಬೆಳೆಯ ಬಗ್ಗೆ ನನಗೆ ಏನೇನೋ ಬರೆದುಕೊಳ್ಳಲು ಹೇಳಿದರು. ಹೊನ್ನೂರಸಾಬ ಡವಾಲಿಯ ಬಿಲ್ಲೆಯನ್ನು ರುಮಾಲಿನ ತುದಿಯಿಂದ ಉಜ್ಜುತ್ತ ಕೂತಿದ್ದ.

ನೋಟೀಸು ಮುಟ್ಟಿಸುವಾಗಲೂ ಬಾಗಿಲಲ್ಲಿ ನಿಂತು ಮೂರು ಸಲ ಕೂಗುವುದು ಪದ್ಧತಿ. ಕುರುಗೋಡಿನಲ್ಲಿ ಈರಮ್ಮನ ಮನೆಯ ಮುಂದೆ ಬಂಡಿ ನಿಂತಿತು. ಹೊನ್ನೂರಸಾಬ ಇಳಿದು, ಕಚೇರಿಯ ಕಟ್ಟೆಯ ಮೇಲೆ ನಿಂತಂತೆಯೇ ನೆಟ್ಟಗೆ ನಿಂತು ಕೂಗಿದ.

“ಕುರುಗೋಡು ಈರಮ್ಮಾ… ಹಾಜರಿದ್ದೀರೇನ್ರೀ…”

“ಇದ್ದೀನಿ, ಬಂದೆ” ಎಂದು ಒಳಗಿನಿಂದ ಕೂಡಲೇ ಉತ್ತರ ಬಂತು.

ಅವನು ಎರಡನೆಯ ಸಲ ಕೂಗಿದ.

“ಬಂದೆ ಅಂದೆನಲ್ಲಪಾ, ರೊಟ್ಟಿ ಹಂಚಿನ ಮ್ಯಾಲ ಐತಿ.”

ಮೂರನೆಯ ಸಲ ಕೂಗಿದ. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಈರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅವನ ಎದುರಿಗೆ ನಿಂತಳು.

“ಅಲ್ಲಿ ಮೂರು ಸಲ, ಇಲ್ಲಿ ಮೂರು ಸಲ. ಅಂದದ್ದು ಕೇಳಂಗಿಲ್ಲೇನು? ಕೈಗೆ ಏನಾರ ಇಟ್ರಷ್ಟೇ ಕೇಳಸ್ತೈತೇನು ನಿನಗ?”

ಹೊನ್ನೂರಸಾಬ ಮುಗುಳ್ನಗುತ್ತ ನೋಟೀಸು ಚಾಚಿದ. ಮಾತು ಕೇಳದಿದ್ದಾಗ ಅವನು ಹಾಗೆ ನಗುತ್ತಿದ್ದ. ಆ ನಗು ನೋಡಿ ಅವಳ ಸಿಟ್ಟು ಇನ್ನೂ ಏರಿತು.

ಶಿರಸ್ತೇದಾರರು ಬಂಡಿಯಿಂದಿಳಿದು ಬಂದು ನೋಟೀಸಿನಲ್ಲಿದ್ದದ್ದನ್ನು ಅವಳಿಗೆ ತಿಳಿಯ ಹೇಳಿದರು. ಅರ್ಜಿ ಮತ್ತೆ ತೆಗೆದಿದೆ, ಇಂಥ ದಿನ ಬರಬೇಕು. ಆಮೇಲೆ ಯಾರೂ ಕೇಳದೆಯೇ ಹೇಳಿದರು:

“ಕಲೆಕ್ಟರ್ ದೊರಿಗೆ ಬರಸ್ತೀನಿ ಅಂದಿದ್ರಿ. ಬರಸೋದಿದ್ರ ಬರಸ್ರಿ ತಾಯಿ, ಆ ಹಕ್ಕು ನಿಮಗದ. ಊರಾಗ ಯಾರೂ ಸಿಗದಿದ್ರ ನಮ್ಮ ಕಚೇರಿ ಹೊರಗ ಅರ್ಜಿ ಬರೆಯೋರು ಇರ್ತಾರ.”

ಈರಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಬರಸಬ್ಯಾಡ ಅನ್ನಾಕ ಬಂದೀರಂತ ಮಾಡಿದ್ದೆ.”

“ಇಲ್ಲ.”

“ಹಂಗಾರ ಬರಸ್ತೀನಿ. ಮಾಮೂಲಿ ಕೊಡಲಿಲ್ಲಂತ ನನ್ನ ಹೊಲ ಮುಳಗ್ಸಾಕ ನಿಂತವ ಇವ.”

ಅವಳ ಊಹೆ ಇದೆಂದು ನಮಗೆ ತಿಳಿದದ್ದು ಆಗ. ಬೀದಿಯಲ್ಲಿ ಇಷ್ಟರಲ್ಲಿ ಹತ್ತಾರು ಜನ ಸೇರಿದ್ದರು. ಹೊನ್ನೂರಸಾಬ ಇನ್ನೂ ನಗುತ್ತಲೇ ನಿಂತಿದ್ದ. ಅವನಿಗೆ ತಿಳಿಸದೆ ಬಂಡಿ ಹತ್ತಿಸಿಕೊಂಡು ಬರಬಹುದಿತ್ತು. ಅಥವಾ ಅವನ ಬದಲು ತಾವೇ ಉತ್ತರ ಹೇಳಬಹುದಿತ್ತು. ಶಿರಸ್ತೇದಾರರು ಎರಡನ್ನೂ ಮಾಡಲಿಲ್ಲ. ಅವನ ಬಲಗಡೆಗೆ ಹೋಗಿ, ಮುಂಗಾಲಿನ ಮೇಲೆ ನಿಂತು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

“ಹೊನ್ನೂರಸಾಬ. ನೀ ರೊಕ್ಕಕ್ಕ ಆಸಿಪಟ್ಟು ಕೇಳದಂಗ ನಿಂತಿದ್ದಿ ಅಂತ ಈ ತಾಯಿ ಅಂತಾಳ.”

ಅವನ ನಗು ಹೋಯಿತು. ಶಿರಸ್ತೇದಾರರ ಮುಖ ನೋಡಿದ, ಈರಮ್ಮನ ಮುಖ ನೋಡಿದ.

“ತೋಬಾ, ಇಲ್ಲಮ್ಮಾ. ಆ ಹರಾಮದ ರೊಕ್ಕ ನಾ ಮುಟ್ಟಿದಾವಲ್ಲ. ನನಗ ಕಿವಿ ಕೇಳಂಗಿಲ್ಲ.”

ಮೆಲ್ಲಗೆ ಹೇಳಬೇಕೆಂದೇ ಅವನು ಹೇಳಿರಬೇಕು. ಆದರೆ ಆಯುಷ್ಯವೆಲ್ಲ ಕೂಗಿದ ಗಂಟಲು, ತನ್ನ ಮಾತು ತನಗೇ ಸರಿಯಾಗಿ ಕೇಳದ ಮನುಷ್ಯ. ಬಳ್ಳಾರಿಯಲ್ಲಿ ಮೊನ್ನೆಯವರೆಗೂ ಹೆಂಡತಿಗೂ ಪೂರ್ತಿ ಹೇಳದೆ ಕಾಪಾಡಿಕೊಂಡಿದ್ದ ಮಾತು ಕುರುಗೋಡಿನ ಆ ಬೀದಿಯ ಕೊನೆಯ ಮನೆಯವರೆಗೂ ಹೋಯಿತು. ದೂರದಲ್ಲಿ ಯಾರೋ “ಏನಂತ ಲೇ?” ಎಂದರು, ಇನ್ನೊಬ್ಬರು “ಕಿವಿ ಕೇಳಂಗಿಲ್ಲಂತ” ಎಂದರು.

ಈರಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಟೀಸು ತೆಗೆದುಕೊಂಡಳು. “ಇದನ್ನ ಆವತ್ತೇ ಅಂದಿದ್ರ ಎದ್ದು ಮುಂದ ಬರ್ತಿದ್ನಲ್ಲೋ ನಮ್ಮಪ್ಪಾ” ಎಂದಳು, ಅವನಿಗೆ ಕೇಳುವುದಿಲ್ಲವೆಂದು ತಿಳಿದೂ. ಒಳಗೆ ಹೋಗಿ ಮಜ್ಜಿಗೆ ತಂದು ಮೇಲಿನಿಂದ ಹೊಯ್ದಳು. ಅವನು ಬೊಗಸೆ ಒಡ್ಡಿ ಕುಡಿದ. ದೊರೆಗೆ ಬರೆಸುತ್ತಾಳೋ ಇಲ್ಲವೋ, ಅದನ್ನು ಅವಳು ಹೇಳಲಿಲ್ಲ. ಶಿರಸ್ತೇದಾರರು ಕೇಳಲೂ ಇಲ್ಲ.

ವಾಪಸು ಬರುವಾಗ ನಾನು ಕೇಳಿದೆ: “ಆಕೆ ಬರೆಸಿದರೆ?”

“ಬರಸಿದ್ರ ಬರಸಿದಳು.”

ಸ್ವಲ್ಪ ದೂರ ಹೋದ ಮೇಲೆ ನಶ್ಯದ ಡಬ್ಬಿ ತೆಗೆದರು. “ಬರಸಬಾರದು ಅಂತ ನನಗೂ ಆಸಿ ಅದ. ಅದಕ್ಕೇ ಬಾಯಿ ಬಿಡಲಿಲ್ಲ” ಎಂದರು. ಎದುರಿಗೆ ಹೊನ್ನೂರಸಾಬ ಮಂಡಿಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಎಷ್ಟೋ ದಿನದ ಮೇಲೆ ಬಂದ ನಿದ್ದೆಯಂತೆ ಕಾಣುತ್ತಿತ್ತು. ಶಿರಸ್ತೇದಾರರು ಬಿಸಿಲು ಅವನ ಮುಖಕ್ಕೆ ಬೀಳದಂತೆ ಬಂಡಿಯ ಚಾಪೆಯನ್ನು ಇಳಿಬಿಟ್ಟರು.

ವಿಚಾರಣೆಯ ದಿನದವರೆಗೂ ಟಪಾಲು ಬಂದಾಗಲೆಲ್ಲ ನಾವು ಕಲೆಕ್ಟರರ ಕಚೇರಿಯ ಲಕೋಟೆಗಾಗಿ ನೋಡುತ್ತಿದ್ದೆವು. ಬರಲಿಲ್ಲ. ಆದರೆ ಈರಮ್ಮ ತಾನೇ ಹೋಗಿ ದೊರೆಗಳ ಬಂಗಲೆಯಲ್ಲಿ ಕೊಡುತ್ತಾಳೆಂದು ಒಬ್ಬ, ಆಗಲೇ ಬರೆಸಿ ಇಟ್ಟುಕೊಂಡಿದ್ದಾಳೆಂದು ಇನ್ನೊಬ್ಬ. ಹೊನ್ನೂರಸಾಬ ದಿನವೂ ಬಂದು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ. ದಫೇದಾರ ಪಕ್ಕದಲ್ಲಿ ನಿಂತು ಓಗೊಟ್ಟವರನ್ನು ನೋಡಿಕೊಳ್ಳುತ್ತಿದ್ದ. ದಫೇದಾರನಿಗೆ ಬೇರೆ ಕೆಲಸವಿತ್ತು. ಇದು ಬಹಳ ದಿನ ನಡೆಯುವ ವ್ಯವಸ್ಥೆಯಾಗಿರಲಿಲ್ಲ.

ಆ ದಿನ ಈರಮ್ಮ ಬಂದಳು. ಅವಳ ಹೆಸರನ್ನು ಹೊನ್ನೂರಸಾಬನೇ ಕೂಗಿದ. ಮೊದಲನೆಯ ಕೂಗಿಗೇ ಅವಳು ಎದ್ದು, ಗಂಡಸರನ್ನು ಸರಿಸಿಕೊಂಡು, ಅವನ ಎದುರಿಗೆ ಹೋಗಿ ನಿಂತಳು. ಒಳಗೆ ವಿಚಾರಣೆ ನಡೆಯಿತು. ಅವಳ ಕಡೆಯ ಸಾಕ್ಷಿ ಗಟ್ಟಿಯಾಗಿತ್ತು, ದೊಡ್ಡಪ್ಪನ ಮಗ ತಡವರಿಸಿದ. ಹೊಲದ ಪಟ್ಟಾ ಅವಳ ಹೆಸರಿಗೇ ಆಯಿತು.

ಅವಳು ಕೈಮುಗಿದು ಹೊರಡುವಾಗ ತಹಶೀಲ್ದಾರರು ತಡೆದರು.

“ಈ ಕೂಗೋ ಜವಾನನ ಮೇಲೆ ನಿನ್ನದು ಏನಾದರೂ ತಕರಾರು ಉಂಟಾ? ಇದ್ದರೆ ಇಲ್ಲೇ ಹೇಳು.”

ಹೊನ್ನೂರಸಾಬ ಬಾಗಿಲಲ್ಲಿದ್ದ. ಮಾತು ಕೇಳದಿದ್ದರೂ ಎಲ್ಲರ ಮುಖ ತನ್ನ ಕಡೆ ತಿರುಗಿದ್ದರಿಂದ ಅವನಿಗೆ ವಿಷಯ ತಿಳಿಯಿತು. ಅವನ ಕೈ ಡವಾಲಿಯ ಮೇಲೆ ಹೋಯಿತು.

“ಅವನ ಮ್ಯಾಲ ಏನಿಲ್ರಿ” ಎಂದಳು ಈರಮ್ಮ. “ಕೂಗಾಕ ಚಲೋ ಕೂಗ್ತಾನ. ನಮ್ಮ ಓಣಿಗೆ ಓಣೀನೇ ಎದ್ದು ಬಂದಿತ್ತು. ನಾವು ಇದ್ದೀನಿ ಅಂದದ್ದು ಕೇಳಾಕ ಒಳಗ ಇಷ್ಟು ಮಂದಿ ಕುಂತೀರಲ್ಲ. ಒಬ್ಬರಾರ ಕೇಳ್ರಿ.”

ತಹಶೀಲ್ದಾರರು ಶಿರಸ್ತೇದಾರರ ಕಡೆ ನೋಡಿದರು. ಅವರು ಬರೆಯುವುದನ್ನು ನಿಲ್ಲಿಸಿ, ಹೊರಗಿನ ಬೇವಿನ ಗಿಡಕ್ಕೂ ತಮ್ಮ ಮೇಜಿಗೂ ನಡುವಿನ ದೂರವನ್ನು ನೋಡುತ್ತಿದ್ದರು.

ಮರುದಿನ ನಾನು ಕಚೇರಿಗೆ ಹೋದಾಗ ಶಿರಸ್ತೇದಾರರ ಮೇಜು ಒಳಗಿನ ಕೋಣೆಯಲ್ಲಿರಲಿಲ್ಲ. ಹೊರಬಾಗಿಲಿನ ಪಕ್ಕ, ಕಟ್ಟೆಗೆ ಅಂಟಿಕೊಂಡಂತೆ ಇತ್ತು. ಬಿಸಿಗಾಳಿಗೆ ಕಾಗದ ಹಾರದಂತೆ ಗುಡ್ಡದ ಕಲ್ಲುಗಳನ್ನು ಆಯ್ದು ಹೇರಿದ್ದರು. ತಹಶೀಲ್ದಾರರು ಬಂದವರು ಒಂದು ಕ್ಷಣ ನಿಂತು, ಪಂಚೆ ಎತ್ತಿಕೊಂಡು, ಮೇಜನ್ನು ಬಳಸಿ ಒಳಗೆ ಹೋದರು. ನಾನು ಆ ಕಚೇರಿ ಬಿಡುವವರೆಗೂ ಮೇಜು ಅಲ್ಲಿಯೇ ಇತ್ತು. ಬೇಸಗೆಯ ಮಧ್ಯಾಹ್ನ ಅವರ ಮಸಿಕುಡಿಕೆಯಲ್ಲಿ ಧೂಳು ಕೂರುತ್ತಿತ್ತು, ಅಂಗಾರ ಬೆವರಿಗೆ ಕರಗುತ್ತಿತ್ತು. ಹೊನ್ನೂರಸಾಬ ಒಂದೆರಡು ಮಾರು ದೂರದಲ್ಲಿ ನಿಂತು, ಮೊದಲಿನಂತೆಯೇ ಕಾಗೆಗಳು ಏಳುವ ಹಾಗೆ ಹೆಸರು ಕೂಗುತ್ತಿದ್ದ. ಗುಂಪಿನ ಯಾವುದೋ ಮೂಲೆಯಿಂದ “ಇದ್ದೀನ್ರಿ” ಎಂದು ಬರುತ್ತಿತ್ತು. ಶಿರಸ್ತೇದಾರರು ಬರೆಯುತ್ತಿದ್ದ ಪದವನ್ನು ಅರ್ಧಕ್ಕೇ ಬಿಟ್ಟು, ತಲೆಯೆತ್ತಿ, ಅವನಿಗೆ ಕಾಣುವಂತೆ ಕೈ ಎತ್ತುತ್ತಿದ್ದರು. ಅವನು ಎರಡನೆಯ ಸಲ ಕೂಗುತ್ತಿರಲಿಲ್ಲ.